ಮುಚ್ಚಿಟ್ಟ ಜ್ವರ

ಕನೆಕ್ಟಿಕಟ್‌ನ ನಮ್ಮ ಕನ್ನಡ ಕೂಟದ ಈ ರಾಜ್ಯೋತ್ಸವ ಸಂಚಿಕೆಯ ಕೊನೆಯ ರಕ್ಷಾಪುಟದ ಒಳಗೆ ಒಂದು ಪೂರ್ಣಪುಟದ ಜಾಹೀರಾತು ಬರಬೇಕಿತ್ತು. ಬಂದಿಲ್ಲ. ಇದರ ಬಗ್ಗೆ ವಾಟ್ಸಾಪ್ ಗುಂಪಿನಲ್ಲಿ ಈಗಾಗಲೇ ತಲೆಗೊಂದು ಮಾತು ಓಡಾಡುತ್ತಿದೆ, ಆದ್ದರಿಂದ ಇದ್ದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಉಣುಗು ಕಚ್ಚಿ ಬರುವ ಲೈಮ್ ಕಾಯಿಲೆಯನ್ನು ಬುಡಸಮೇತ ಗುಣಮಾಡುತ್ತೇವೆ ಎನ್ನುವ ಒಂದು ಖಾಸಗಿ ಕ್ಲಿನಿಕ್ಕಿನ ಜಾಹೀರಾತು ಅದು. ಅಲ್ಲಿ ಇನ್ಶೂರೆನ್ಸ್ ನಡೆಯುವುದಿಲ್ಲ, ಹಣ ಮುಂಗಡ, ಔಷಧಿ ತಿಂಗಳುಗಟ್ಟಲೆ ನರಕ್ಕೆ. ಖಜಾಂಚಿಯವರು ಹೇಳಿದ್ದು ಸುಳ್ಳಲ್ಲ. ಹಾಲ್ ಬಾಡಿಗೆ ಏರಿದೆ, ಊಟದ ಖರ್ಚು ಏರಿದೆ, ಪ್ರಾಯೋಜಕರು ಕೈ ಬಿಗಿಹಿಡಿಯುತ್ತಿದ್ದಾರೆ. ಆದರೂ ಬೇಡವೇ ಬೇಡ ಎಂದು ಹಟ ಹಿಡಿದವನು ನಾನು. ಸಭೆಯಲ್ಲಿ ದನಿ ಏರಿದ್ದಕ್ಕೆ ನನಗೆ ಬೇಸರವಿಲ್ಲ. ನನ್ನನ್ನು ಕೊರೆಯುತ್ತಿರುವುದು ಆಮೇಲೆ ಬಂದ ಒಂದು ಫೋನು.

ನಮ್ಮ ಕೂಟದ ಒಬ್ಬ ಹೆಣ್ಣುಮಗಳು ಫೋನ್ ಮಾಡಿ, "ಅಣ್ಣ, ಆ ಜಾಹೀರಾತು ತಡೆದಿದ್ದು ಒಳ್ಳೇದಾಯ್ತು. ನಾವು ಅಲ್ಲಿಗೆ ಹೋಗಿ ಕೈ ಸುಟ್ಟುಕೊಂಡು ಬಂದ್ವಿ" ಎಂದರು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಯಾರು ಎಂದು ಊಹಿಸಲು ಹೊರಡಬೇಡಿ, ಗುರುತು ಹತ್ತುವ ವಿವರ ಬಿಟ್ಟಿದ್ದೇನೆ. ಹಬ್ಬಗಳಿಗೆ ಎಲ್ಲರಿಗಿಂತ ಮೊದಲು ಬಂದು ರಂಗೋಲಿ ಹಾಕುತ್ತಿದ್ದವರು ಒಂದು ಯುಗಾದಿಯ ನಂತರ ಕಾಣೆಯಾದರು. ನಾವೇನು ಅಂದುಕೊಂಡೆವು? ಸಮಿತಿಯ ಮೇಲೆ ಮುನಿಸು ಎಂದೆವು. ಹೊಸ ಮನೆ ಕೊಂಡ ಮೇಲೆ ಬದಲಾದರು ಎಂದೆವು. ಆ ಹೊತ್ತಿನಲ್ಲಿ ಅವರು ರಾತ್ರಿ ಬೆವರಿನಲ್ಲಿ ತೊಯ್ದು ಎದ್ದು ಬಟ್ಟೆ ಬದಲಾಯಿಸುತ್ತಿದ್ದರು, ಎರಡು ಮೆಟ್ಟಿಲು ಹತ್ತಿ ಗೋಡೆ ಹಿಡಿದು ನಿಲ್ಲುತ್ತಿದ್ದರು.

ಜೂನ್‌ನಲ್ಲಿ ಮೊಣಕಾಲಿನ ಹಿಂದೆ ಒಂದು ಕಲೆ ಎದ್ದಿತ್ತಂತೆ. ಅರ್ಜೆಂಟ್ ಕೇರ್‌ನಲ್ಲಿ ಜೇಡ ಕಚ್ಚಿರಬೇಕು ಎಂದು ಮುಲಾಮು ಕೊಟ್ಟು ಕಳಿಸಿದರು. ಪುಸ್ತಕದಲ್ಲಿ ಲೈಮ್‌ನದೆಂದು ತೋರಿಸುವ ಆ ಉಂಗುರದಂಥ ಕೆಂಪು ಗುರುತು ಬಿಳಿ ಚರ್ಮದ್ದು. ನಮ್ಮ ಮೈಬಣ್ಣಕ್ಕೆ ಅದು ಕಂದಿದ ಗಾಯದಂತೆಯೂ ಕಾಣಬಹುದು, ಕಾಣದೆಯೂ ಹೋಗಬಹುದು. ಲೈಮ್ ಬಂದವರಲ್ಲಿ ಆ ಗುರುತು ಮೂಡುವುದೇ ನೂರಕ್ಕೆ 70ರಿಂದ 80 ಮಂದಿಗೆ. ಮಂಡಿ ಊದಿದ ಮೇಲೆ ರಕ್ತಪರೀಕ್ಷೆಯಲ್ಲಿ ಲೈಮ್ ಎಂದು ಬಂತು, ಡಾಕ್ಸಿಸೈಕ್ಲಿನ್ ಕೊಟ್ಟರು. ಮಂಡಿ ಇಳಿಯಿತು, ಜ್ವರ ಬಿಡಲಿಲ್ಲ. ಮಾತ್ರೆ ಮುಗಿಯಿತಲ್ಲ ಇನ್ನೇನು ಎಂದರು ಡಾಕ್ಟರು. ಮನಸ್ಸು ಗಟ್ಟಿ ಮಾಡಿಕೋ ಎಂದರು ಮನೆಯವರು. ಅಲ್ಲಿಂದ ಆ ಕ್ಲಿನಿಕ್ಕು, ಡ್ರಿಪ್ಪು, ಸಾಲ. ಕೊನೆಗೆ ಒಂದು ವಿಶ್ವವಿದ್ಯಾಲಯದ ಆಸ್ಪತ್ರೆಯ ಸೋಂಕುರೋಗ ತಜ್ಞೆಯೊಬ್ಬರು ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ ನೋಡಿಸಿದರು. ಕೆಂಪು ರಕ್ತಕಣಗಳ ಒಳಗೆ ಬಬೀಸಿಯಾ ಕೂತಿತ್ತು.

ಒಂದೇ ಉಣುಗು ಒಂದೇ ಕಡಿತದಲ್ಲಿ ಎರಡು ರೋಗ ಕೊಡಬಲ್ಲದು. ಲೈಮ್ ತರುವುದು ಬೊರೀಲಿಯಾ ಎಂಬ ಸುರುಳಿ ಬ್ಯಾಕ್ಟೀರಿಯಾ. ಬಬೀಸಿಯಾ ಮಲೇರಿಯಾದ ರೀತಿಯ ಪರೋಪಜೀವಿ. ಲೈಮ್‌ಗೆ ಕೊಡುವ ಡಾಕ್ಸಿಸೈಕ್ಲಿನ್ ಆಗಲಿ, ನರಕ್ಕೆ ಹಾಕುವ ಸೆಫ್ಟ್ರಿಯಾಕ್ಸೋನ್ ಆಗಲಿ ಅದನ್ನು ಮುಟ್ಟುವುದಿಲ್ಲ. ಅದಕ್ಕೆ ಅಟೊವಕ್ವೋನ್ ಮತ್ತು ಅಜಿತ್ರೊಮೈಸಿನ್ ಎಂಬ ಬೇರೆ ಜೋಡಿ ಔಷಧಿ, ಸಾಮಾನ್ಯವಾಗಿ 7ರಿಂದ 10 ದಿನ. ಗುಲ್ಮ ತೆಗೆಸಿಕೊಂಡವರಿಗೆ, ವಯಸ್ಸಾದವರಿಗೆ ಬಬೀಸಿಯಾ ಪ್ರಾಣಕ್ಕೇ ಬರಬಹುದು. ಉಣುಗು ತರುವ ಅನಾಪ್ಲಾಸ್ಮಾ ಎಂಬ ಇನ್ನೊಂದು ಸೋಂಕಿದೆ, ಅದು ಡಾಕ್ಸಿಸೈಕ್ಲಿನ್‌ಗೆ ಬಗ್ಗುತ್ತದೆ. ಲೈಮ್ ಔಷಧಿ ಮುಗಿದರೂ ಜ್ವರ ಬೆವರು ನಿಲ್ಲದಿದ್ದರೆ ಜೊತೆ ಸೋಂಕು ಇದೆಯೇ ಎಂದು ಡಾಕ್ಟರನ್ನು ಬಾಯಿಬಿಟ್ಟು ಕೇಳಬೇಕು. ಆ ಹೆಣ್ಣುಮಗಳಿಗೆ ಇಷ್ಟು ಹೇಳುವವರು ಯಾರೂ ಇರಲಿಲ್ಲವೇ? ನಮ್ಮ ಕೂಟದಲ್ಲಿ ವೈದ್ಯರಿಗೇನು ಬರ? ಪ್ರತಿ ವರ್ಷ ವೇದಿಕೆಯ ಮೇಲೆ ಅವರಿಗೆ ಶಾಲು ಹೊದಿಸುತ್ತೇವೆ. ಅವರನ್ನು ಯಾಕೆ ಕೇಳಲಿಲ್ಲ ಎಂದೆ. "ಅವರಿಗೆ ಹೇಳಿದ್ರೆ ಎಲ್ಲರಿಗೂ ಗೊತ್ತಾಗುತ್ತಲ್ಲ ಅಣ್ಣ" ಎಂದರು.

ಈ ಉತ್ತರಕ್ಕೆ ನನ್ನಲ್ಲಿ ಮಾತಿರಲಿಲ್ಲ. ಈಗಲೂ ಇಲ್ಲ.

ನಾವಿರುವುದು ಎಲ್ಲಿ? ಕಾಯಿಲೆಗೆ ಹೆಸರು ಕೊಟ್ಟ ಲೈಮ್ ಎಂಬ ಊರೇ ನಮ್ಮ ಕನೆಕ್ಟಿಕಟ್‌ನಲ್ಲಿದೆ, ಹಾರ್ಟ್‌ಫರ್ಡ್‌ನಿಂದ ನದಿಯ ಗುಂಟ ಇಳಿದರೆ ಒಂದು ಗಂಟೆಯ ದಾರಿ. ಪಾಲಿ ಮರ್ರೆ ಎಂಬ ತಾಯಿ ಅಲ್ಲಿದ್ದರು. ತನಗೆ, ಗಂಡನಿಗೆ, ಮಕ್ಕಳಿಗೆ ಒಂದಾದ ಮೇಲೊಂದು ಕೀಲುನೋವು, ಜ್ವರ, ಕಲೆ. ಡಾಕ್ಟರುಗಳು ಎಲ್ಲ ನಿಮ್ಮ ಮನಸ್ಸಿನದ್ದು ಎಂದು ವರ್ಷಗಟ್ಟಲೆ ತಳ್ಳಿಹಾಕಿದರು. ಆಕೆ ಎಲ್ಲವನ್ನೂ ಬರೆದಿಟ್ಟರು, ನೆರೆಹೊರೆಯವರನ್ನು ವಿಚಾರಿಸಿದರು, 1975ರಲ್ಲಿ ರಾಜ್ಯದ ಆರೋಗ್ಯ ಇಲಾಖೆಗೆ ತಾವೇ ಫೋನ್ ಮಾಡಿದರು. ಅದೇ ಹೊತ್ತಿಗೆ ಜೂಡಿತ್ ಮೆನ್ಶ್ ಎಂಬ ಇನ್ನೊಬ್ಬ ತಾಯಿಯೂ ದೂರು ಕೊಟ್ಟರು. ಯೇಲ್‌ನ ವೈದ್ಯ ಆಲನ್ ಸ್ಟಿಯರ್ ಬಂದು ಹುಡುಕಿದಾಗ ಲೈಮ್, ಓಲ್ಡ್ ಲೈಮ್, ಈಸ್ಟ್ ಹ್ಯಾಡಮ್ ಊರುಗಳಲ್ಲಿ 51 ಮಂದಿ ಸಿಕ್ಕರು, ಅವರಲ್ಲಿ 39 ಮಕ್ಕಳು. 1981ರಲ್ಲಿ ವಿಜ್ಞಾನಿ ವಿಲಿ ಬರ್ಗ್‌ಡಾರ್ಫರ್ ಲಾಂಗ್ ಐಲೆಂಡ್ ಪಕ್ಕದ ಶೆಲ್ಟರ್ ಐಲೆಂಡ್‌ನ ಉಣುಗುಗಳ ಹೊಟ್ಟೆಯಲ್ಲಿ ಆ ಸುರುಳಿ ಬ್ಯಾಕ್ಟೀರಿಯಾವನ್ನು ಕಂಡರು. ಇದೆಲ್ಲ ಶುರುವಾದದ್ದು ತಾಯಂದಿರು ಬಾಯಿ ಬಿಟ್ಟಿದ್ದರಿಂದ. ಮಗನ ಮಂಡಿ ಊದಿದೆ ಎಂದು ಪಕ್ಕದ ಮನೆಗೆ ಹೇಳಲು ಅವರು ನಾಚಲಿಲ್ಲ.

ನಮ್ಮವರ ಭಯ ನನಗೆ ಅರ್ಥವಾಗದ್ದೇನಲ್ಲ. ವೀಸಾ ಕೆಲಸಕ್ಕೆ ಕಟ್ಟಿಹಾಕಿದೆ, ಇನ್ಶೂರೆನ್ಸ್ ಕೂಡ ಕೆಲಸಕ್ಕೆ ಕಟ್ಟಿಹಾಕಿದೆ. ಕಾಯಿಲೆ ಸುದ್ದಿ ಮ್ಯಾನೇಜರ್ ಕಿವಿಗೆ ಬಿದ್ದರೆ ಎಂಬ ಅಳುಕು. ಊರಲ್ಲಿ ಅತ್ತೆಗೆ ತಿಳಿದರೆ ಸೊಸೆ ರೋಗಿಷ್ಠೆ ಎಂಬ ಮಾತು. ಇವೆಲ್ಲ ನಿಜ. ಆದರೆ ನಮ್ಮ ಹೈಸ್ಕೂಲು ಮಕ್ಕಳೂ ಈಗ ಇದನ್ನೇ ಕಲಿತಿದ್ದಾರೆ. ಕ್ರಾಸ್ ಕಂಟ್ರಿ ಓಡುವ ಹುಡುಗರು, ಸಮ್ಮರ್ ಕ್ಯಾಂಪಿಗೆ ಹೋಗುವ ಹುಡುಗಿಯರು ಮೈಮೇಲೆ ಉಣುಗು ಸಿಕ್ಕರೆ ಕಿತ್ತೆಸೆದು ಸುಮ್ಮನಾಗುತ್ತಾರಂತೆ, ಅಮ್ಮ ಕಿರುಚುತ್ತಾಳೆ, ಆಟ ಬಿಡಿಸುತ್ತಾಳೆ ಎಂದು. ಮೇ ತಿಂಗಳಿಂದ ಜುಲೈವರೆಗೆ ಓಡಾಡುವ ಮರಿ ಉಣುಗು ಗಸಗಸೆಯಷ್ಟೇ ಇರುತ್ತದೆ. ಮಕ್ಕಳು ತಾವಾಗಿ ಬಂದು ತೋರಿಸದಿದ್ದರೆ ನಮ್ಮ ಕಣ್ಣಿಗೆ ಬೀಳುವುದೆಲ್ಲಿಂದ? ಉಣುಗು ಕಚ್ಚಿ ತುಂಬ ಹೊತ್ತು ಹಿಡಿದಿದ್ದರೆ, ಕಿತ್ತ 72 ಗಂಟೆಯೊಳಗೆ ಡಾಕ್ಸಿಸೈಕ್ಲಿನ್‌ನ ಒಂದೇ ಡೋಸ್ ಕೊಡುವ ಪದ್ಧತಿಯಿದೆ. ಆ ಮೂರು ದಿನ ಮೌನದಲ್ಲಿ ಕಳೆದುಹೋಗುತ್ತದೆ. ಇದನ್ನು ಮಕ್ಕಳಿಗೆ ಕಲಿಸಿದವರು ನಾವೇ, ಬೇರೆ ಯಾರೂ ಅಲ್ಲ.

ಕ್ಲಿನಿಕ್ಕಿಗೆ ಹೋದವರನ್ನು ನಾನು ದೂರುವುದಿಲ್ಲ. ಮೊದಲ ವಾರಗಳಲ್ಲಿ ರಕ್ತಪರೀಕ್ಷೆ ನೆಗೆಟಿವ್ ಬರುವುದು ಸಹಜ, ದೇಹ ಪ್ರತಿಕಾಯ ಹುಟ್ಟಿಸಲು ಸಮಯ ಬೇಕು. ಆ ನೆಗೆಟಿವ್ ಚೀಟಿ ಹಿಡಿದು ಏನೂ ಇಲ್ಲ ಹೋಗಿ ಎಂದರೆ ಮನುಷ್ಯ ಎಲ್ಲಿಗೆ ಹೋಗಬೇಕು? ಸರಿಯಾಗಿ ಔಷಧಿ ತೆಗೆದುಕೊಂಡವರಲ್ಲೂ ನೂರಕ್ಕೆ 5ರಿಂದ 10 ಮಂದಿಗೆ ಸುಸ್ತು, ನೋವು, ಮಂಕು ತಿಂಗಳುಗಟ್ಟಲೆ ಉಳಿಯುತ್ತದೆ. ಅವರ ಸಂಕಟ ಸುಳ್ಳಲ್ಲ. ಈ ಸಂಕಟಕ್ಕೆ ಏನು ಮಾಡಬೇಕು ಎಂಬುದರ ಮೇಲೆ ವೈದ್ಯರೇ ಎರಡು ಪಂಗಡವಾಗಿ ದಶಕಗಳಿಂದ ಕಾದಾಡಿದ್ದಾರೆ. 2006ರಲ್ಲಿ ನಮ್ಮ ರಾಜ್ಯದ ಅಟಾರ್ನಿ ಜನರಲ್ ಆಗಿದ್ದ ಬ್ಲೂಮೆಂಥಾಲ್ ಚಿಕಿತ್ಸೆಯ ಮಾರ್ಗಸೂಚಿಯ ಮೇಲೇ ತನಿಖೆ ಹೂಡಿದ್ದರು. 2010ರಲ್ಲಿ ಮರುಪರಿಶೀಲನಾ ಸಮಿತಿ ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ಸರ್ಕಾರದ ಹಣದಲ್ಲಿ ನಡೆದ ಪ್ರಯೋಗಗಳಲ್ಲಿ ತಿಂಗಳುಗಟ್ಟಲೆಯ ಆಂಟಿಬಯೋಟಿಕ್‌ನಿಂದ ಉಳಿಯುವಂಥ ಲಾಭ ಕಾಣಲಿಲ್ಲ. ನರದ ಕೊಳವೆಯಿಂದ ರಕ್ತಕ್ಕೆ ಸೋಂಕು ಹತ್ತಿ ಸತ್ತವರಿದ್ದಾರೆ. ಜಾಹೀರಾತು ಬೇಡ ಎಂದಿದ್ದಕ್ಕೆ ಕಾರಣ ಇದೇ, ಯಾರ ಮೇಲಿನ ಹಗೆಯೂ ಅಲ್ಲ.

ಹೋಗಬೇಕಾದ ಜಾಗಗಳು ಇಲ್ಲದೇ ಇಲ್ಲ. ಊರಿನ ದೊಡ್ಡ ಆಸ್ಪತ್ರೆಗಳ ಸೋಂಕುರೋಗ ವಿಭಾಗ ಮೊದಲನೆಯದು. ಬೇಗ ಗುಣವಾಗದ ಲೈಮ್ ಬಗ್ಗೆ ನ್ಯೂಯಾರ್ಕ್‌ನ ಕೊಲಂಬಿಯಾ, ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯಗಳಲ್ಲಿ ಪ್ರತ್ಯೇಕ ಸಂಶೋಧನಾ ಕೇಂದ್ರಗಳಿವೆ. ಬಾಸ್ಟನ್‌ನ ಸ್ಪಾಲ್ಡಿಂಗ್ ಆಸ್ಪತ್ರೆಯ ಡೀನ್ ಸೆಂಟರ್ ಇಂಥ ರೋಗಿಗಳ ಪುನಶ್ಚೇತನಕ್ಕೆಂದು ಹುಟ್ಟಿದ್ದು. ಸರದಿ ಕಾಯಬೇಕು, ದೂರ ಹೋಗಬೇಕು. ಡ್ರೈವ್ ಮಾಡುವ ಶಕ್ತಿ ಇಲ್ಲದವರನ್ನು ಅಲ್ಲಿಗೆ ಕರೆದೊಯ್ಯುವವರು ಬೇಕು, ಮಕ್ಕಳನ್ನು ಸ್ಕೂಲಿನಿಂದ ತರುವವರು ಬೇಕು, ಒಂದು ಡಬ್ಬಿ ಸಾರು ಅನ್ನ ಬೇಕು.

ನನ್ನೂರು ಸಾಗರದ ಕಡೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದು ಮಂಗನ ಕಾಯಿಲೆ ಬೆಳಕಿಗೆ ಬಂತು, ಅದೂ ಉಣುಗಿನದೇ. ಇಲ್ಲಿನ ಉಣುಗು ಅಪರೂಪಕ್ಕೆ ತರುವ ಪೊವಾಸನ್ ವೈರಸ್ ಅದೇ ಕುಲದ್ದು. ನಮ್ಮೂರಲ್ಲಿ ಒಂದು ಮಂಗ ಸತ್ತರೆ ಇಡೀ ಕೇರಿಗೆ ಸುದ್ದಿ ಮುಟ್ಟುತ್ತದೆ. ಸೊಪ್ಪಿಗೆ ಹೋಗಬೇಡಿ, ದನ ಅತ್ತ ಬಿಡಬೇಡಿ ಎಂದು ಮನೆಮನೆಗೆ ಹೇಳಿ ಬರುತ್ತಾರೆ. ಯಾರ ಮನೆಯಲ್ಲಿ ಜ್ವರ ಎಂಬುದು ಎಲ್ಲರಿಗೂ ಗೊತ್ತು, ಅದರಿಂದ ಯಾರ ಮಾನವೂ ಹೋಗಿಲ್ಲ. ಅಲ್ಲಿಂದ ಬಂದ ನಮ್ಮ ಅಪ್ಪ ಅಮ್ಮಂದಿರು ಇಲ್ಲಿ ಬೇಸಿಗೆ ಪೂರ್ತಿ ಹಿತ್ತಿಲಿನ ಪೊದೆಯಂಚಿನಲ್ಲಿ ಹೀರೆ, ಹರಿವೆ ಬೆಳೆಸುತ್ತಾರೆ, ಈ ನವೆಂಬರ್‌ನಲ್ಲಿ ಬಿದ್ದ ಎಲೆ ಗುಡಿಸುತ್ತಾರೆ. ದೊಡ್ಡ ಉಣುಗು ಓಡಾಡುವ ಕಾಲವೂ ಇದೇ. ಊರಿಗೆ ಹಿಂದಿರುಗಿದ ಮೇಲೆ ಜ್ವರ ಬಂದರೆ ಅಲ್ಲಿನ ಡಾಕ್ಟರಿಗೆ ಅಮೆರಿಕದಲ್ಲಿದ್ದೆ ಎಂದು ದಯವಿಟ್ಟು ಹೇಳಿಸಿ. ಬಬೀಸಿಯಾ ಗಾಜಿನ ಮೇಲೆ ಮಲೇರಿಯಾದಂತೆಯೇ ಕಾಣುತ್ತದೆ.

ಹಿಂದಿನ ಸಭೆಯಲ್ಲಿ ಒಂದು ಪಟ್ಟಿ ಮಾಡೋಣ ಎಂದಿದ್ದೆ. ಕಾಯಿಲೆ ಅನುಭವಿಸಿದವರು, ಮಾತಾಡಲು ಸಿದ್ಧರಿರುವವರು, ಕಾರಿನಲ್ಲಿ ಕರೆದೊಯ್ಯಬಲ್ಲವರು, ಅಷ್ಟೇ. ಹೆಸರು ಯಾರು ಕೊಡುತ್ತಾರೆ ಸಾರ್ ಎಂದು ಅಲ್ಲಿಗೇ ಬಿಟ್ಟರು. ಫೋನ್ ಮಾಡಿದ ಆ ಹೆಣ್ಣುಮಗಳು ನನ್ನ ಹೆಸರು ಹಾಕಿಕೊಳ್ಳಿ ಅಣ್ಣ ಎಂದರು. ಮರುದಿನ ಮತ್ತೆ ಫೋನ್ ಬಂತು. ಮನೆಯಲ್ಲಿ ಮಗಳಿಗೆ ಸಂಬಂಧ ನೋಡುತ್ತಿದ್ದಾರೆ, ಈಗ ಬೇಡ ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಉಣುಗು ಕಚ್ಚಿದ ತಾಯಿಯ ಮಗಳನ್ನು ಬೇಡ ಎನ್ನುವ ಮನೆ ಇನ್ನೂ ನಮ್ಮ ನಡುವೆ ಇದೆ ಎಂಬುದಕ್ಕೆ ಸಿಟ್ಟಿದೆ. ಜನವರಿಯ ಸಭೆಯಲ್ಲಿ ಪಟ್ಟಿಯ ವಿಷಯವನ್ನು ಮತ್ತೆ ಎತ್ತುತ್ತೇನೆ. ಬೇಡ ಎನ್ನುವವರು ಅಂದು ಬಂದು ಎದುರಿಗೇ ಹೇಳಲಿ.