ಎಸರು ಕುದೀತಿದೆ, ಅಕ್ಕಿ ಎಲ್ಲಿ?

ಮಕ್ಕಳೇ, ಕಥೆಗೆ ಒಂದು ಸನ್ನಿವೇಶ ಬರೆದಾಯಿತು ಎಂದಿಟ್ಟುಕೊಳ್ಳೋಣ. ಇನ್ನು ಅದನ್ನು ತಿದ್ದುವುದು ಹೇಗೆ? ಈ ವಾರ ಅದನ್ನು ನೋಡೋಣ.

ತಿದ್ದುವುದೆಂದರೆ ಕಾಗುಣಿತದ ತಪ್ಪು ಹುಡುಕುವುದು ಎಂದು ಬಹಳ ಮಂದಿ ತಿಳಿದಿದ್ದಾರೆ. ಒತ್ತಕ್ಷರ, ದೀರ್ಘ ಸರಿಮಾಡುವುದು ಕಟ್ಟಕಡೆಯ ಕೆಲಸ. ನಾವು ಬರೆದ ಜಾಗ, ಜನ, ಅವರ ಸಂಕಟ ಓದುವವರ ಕಣ್ಣಿಗೆ ಕಂಡಿತೇ ಎಂಬುದು ಮೊದಲ ಪ್ರಶ್ನೆ. ಈ ಸನ್ನಿವೇಶ ಓದಿ:

“ಮಂಜು ಅಂಗಡಿಗೆ ಹೋದ. ದುಡ್ಡು ಕಳೆದುಹೋಗಿತ್ತು. ಅವನಿಗೆ ತುಂಬಾ ಭಯವಾಯಿತು. ಮನೆಗೆ ಬಂದು ಅಮ್ಮನಿಗೆ ನಿಜ ಹೇಳಿದ. ಅಮ್ಮನಿಗೆ ಬೇಸರವಾಯಿತು. ಆದರೂ ಅವಳು ಅವನನ್ನು ಕ್ಷಮಿಸಿದಳು.”

ಕಾಗುಣಿತದ ತಪ್ಪು ಒಂದೂ ಇಲ್ಲ. ಆದರೂ ಮನಸ್ಸಿಗೆ ತಟ್ಟುವುದಿಲ್ಲ, ಅಲ್ಲವೇ? ಇದನ್ನು ಮನೆಯವರ ಮುಂದೆ ಗಟ್ಟಿಯಾಗಿ ಓದಿದಿರಿ ಎನ್ನೋಣ. “ಚೆನ್ನಾಗಿದೆ” ಎಂದರೆ ನಿಮಗೆ ಖುಷಿಯಾಗುತ್ತದೆ, ಆದರೆ ಏನು ತಿದ್ದಬೇಕೆಂದು ತಿಳಿಯುವುದಿಲ್ಲ. “ಚೆನ್ನಾಗಿಲ್ಲ” ಎಂದರೂ ಅಷ್ಟೇ, ಜೊತೆಗೆ ಬೇಜಾರು ಬೇರೆ. ನಿಜವಾಗಿ ಕೈ ಹಿಡಿಯುವುದು ಪ್ರಶ್ನೆಗಳು. “ಏನು ತರೋಕೆ ಹೋಗಿದ್ದ?” ಎಂದು ಅಕ್ಕ ಕೇಳುತ್ತಾಳೆ. “ದುಡ್ಡು ಕಳೆದದ್ದು ಅವನಿಗೆ ಗೊತ್ತಾಗಿದ್ದು ಹೇಗೆ?” ಇದು ಅಜ್ಜಿಯ ಪ್ರಶ್ನೆ. “ಅಮ್ಮ ಕ್ಷಮಿಸಿದಳು ಅಂದ್ರೆ ಏನು ಮಾಡಿದಳು?” ಎಂದು ತಮ್ಮ ಕೇಳುತ್ತಾನೆ.

ಈ ಮೂರು ಪ್ರಶ್ನೆಗಳನ್ನು ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದುಕೊಳ್ಳಿ. ಬಾಯಲ್ಲಿ ಉತ್ತರ ಕೊಡಬೇಡಿ. ಕಥೆ ಅಚ್ಚಾದಾಗ ಓದುವವರ ಪಕ್ಕದಲ್ಲಿ ನೀವು ಕುಳಿತಿರುವುದಿಲ್ಲವಲ್ಲ! ಉತ್ತರ ಸನ್ನಿವೇಶದೊಳಗೇ ಇರಬೇಕು. ಈಗ ಮತ್ತೆ ಬರೆದದ್ದು ನೋಡಿ:

“ಎರಡು ಕೆಜಿ ಅಕ್ಕಿ ತೂಗಿಟ್ಟು ಅಂಗಡಿಯವರು ಕೈ ಚಾಚಿದರು. ಮಂಜು ಚಡ್ಡಿಯ ಜೇಬಿಗೆ ಕೈ ಹಾಕಿದ. ನೂರರ ನೋಟು ಸಿಗಲಿಲ್ಲ. ಬೆರಳು ಜೇಬಿನ ತೂತಿನಿಂದಾಚೆ ಹೋಗಿ ತೊಡೆಗೆ ತಾಗಿತು.

ನೆಲ ನೋಡುತ್ತಾ, ಬಂದ ದಾರಿಯಲ್ಲೇ ನಡೆದು ಮನೆ ಸೇರಿದ.

‘ಎಸರು ಆಗ್ಲೇ ಕುದೀತಿದೆ. ಅಕ್ಕಿ ಎಲ್ಲೋ?’ ಅಮ್ಮ ಕೇಳಿದಳು.

ಮಂಜು ಜೇಬನ್ನು ಹೊರಕ್ಕೆಳೆದು ತೋರಿಸಿದ.

ಅಮ್ಮ ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಒಲೆ ಆರಿಸಿದಳು. ಡಬ್ಬಿಯಿಂದ ಸೂಜಿ ದಾರ ತೆಗೆದು, ‘ಬಾ ಇಲ್ಲಿ’ ಎಂದಳು.”

ಭಯ, ಬೇಸರ, ಕ್ಷಮೆ ಎಂಬ ಮೂರು ಮಾತೂ ಇಲ್ಲಿಲ್ಲ. ಆದರೆ ಮೂರೂ ನಮಗೆ ತಿಳಿಯುತ್ತವೆ. ಭಯ ನೆಲ ನೋಡುವ ಕಣ್ಣಲ್ಲಿದೆ, ಬೇಸರ ಆರಿದ ಒಲೆಯಲ್ಲಿದೆ, ಕ್ಷಮೆ ಸೂಜಿ ದಾರದಲ್ಲಿದೆ.

ಹಾಗಾದರೆ ಹೇಳಿದವರ ಮಾತನ್ನೆಲ್ಲ ಕೇಳಬೇಕೇ? ಬೇಡ. ತಮ್ಮ ಹೇಳಬಹುದು, “ದಾರಿಯಲ್ಲಿ ನೋಟು ಸಿಕ್ಕಿತು ಅಂತ ಬರಿ.” ಅವನಿಗೆ ಮಂಜುವಿನ ಮೇಲೆ ಕನಿಕರ ಬಂದಿದೆ, ಅಂದರೆ ಸನ್ನಿವೇಶ ತನ್ನ ಕೆಲಸ ಮಾಡಿದೆ. ನೋಟು ಸಿಕ್ಕಿಬಿಟ್ಟರೆ ಆ ಸೂಜಿ ದಾರಕ್ಕೆ ಅರ್ಥವೇ ಉಳಿಯದು. ಅಜ್ಜಿ ಮಾತ್ರ ಇನ್ನೊಂದು ಕೇಳುತ್ತಾರೆ: “ಆ ರಾತ್ರಿ ಊಟಕ್ಕೆ ಏನು ಮಾಡಿದರು?” ಇದು ಚಿನ್ನದಂಥ ಪ್ರಶ್ನೆ. ನಿಮ್ಮ ಮುಂದಿನ ಸನ್ನಿವೇಶ ಅಲ್ಲೇ ಇದೆ. ಇಬ್ಬರು ಮೂವರು ಒಂದೇ ಸಾಲಿನಲ್ಲಿ ಎಡವಿದರೆ ಆ ಸಾಲಿಗೆ ರಿಪೇರಿ ಬೇಕು ಎಂದರ್ಥ. ರಿಪೇರಿ ಹೇಗೆ ಎಂಬುದನ್ನು ತೀರ್ಮಾನಿಸುವವರು ಮಾತ್ರ ನೀವೇ.

ದೊಡ್ಡ ಲೇಖಕರೂ ಹೀಗೆಯೇ ತಿದ್ದಿದ್ದಾರೆ. ಅಮೆರಿಕದ ಇ. ಬಿ. ವೈಟ್ ಬರೆದ ‘ಷಾರ್ಲಟ್ಸ್ ವೆಬ್’ ಒಂದು ಹಂದಿಮರಿ ಮತ್ತು ಅದನ್ನು ಕಾಪಾಡುವ ಜೇಡದ ಕಥೆ. ಕರಡು ಮುಗಿದ ಮೇಲೆ ಅವರಿಗೆ ತೃಪ್ತಿಯಾಗಲಿಲ್ಲ. ಸುಮಾರು ಒಂದು ವರ್ಷ ಅದನ್ನು ಹಾಗೇ ಬದಿಗಿಟ್ಟರು. ಮೊದಲ ಕರಡುಗಳು ಫರ್ನ್ ಎಂಬ ಹುಡುಗಿಯಿಂದ ಆರಂಭವಾಗಿರಲಿಲ್ಲ. ಮತ್ತೆ ಕೈಗೆತ್ತಿಕೊಂಡಾಗ ಅವಳನ್ನು ಮೊದಲಿಗೇ ತಂದರು. ಬಡಕಲು ಹಂದಿಮರಿಯನ್ನು ಕೊಲ್ಲಲು ಅಪ್ಪ ಕೊಡಲಿ ಹಿಡಿದು ಹೊರಟಿರುವುದು ತಿಳಿದು ಅವಳು ತಡೆಯಲು ಓಡುತ್ತಾಳೆ. ಹಂದಿಮರಿ ಬದುಕುತ್ತದೋ ಇಲ್ಲವೋ ಎಂಬ ಆತಂಕ ಮೊದಲ ಪುಟದಲ್ಲೇ ನಮ್ಮನ್ನು ಹಿಡಿಯುತ್ತದೆ. ಪುಸ್ತಕ 1952ರಲ್ಲಿ ಬಂತು, ಇಂದಿಗೂ ಮಕ್ಕಳು ಓದುತ್ತಿದ್ದಾರೆ.

ಹಾರ್ಪರ್ ಲೀ 1957ರಲ್ಲಿ ಪ್ರಕಾಶಕರಿಗೆ ಕೊಟ್ಟ ಕಾದಂಬರಿಯ ನಾಯಕಿ ದೊಡ್ಡವಳಾಗಿದ್ದಳು, ನಡುನಡುವೆ ಬಾಲ್ಯ ನೆನೆಯುತ್ತಿದ್ದಳು. ಸಂಪಾದಕಿ ಟೇ ಹೋಹಾಫ್ ಅದರಲ್ಲಿ ಪ್ರತಿಭೆ ಕಂಡರು, ಆದರೆ ಅದು ಹಾಗೆಯೇ ಅಚ್ಚಾಗುವಂತಿಲ್ಲ ಎಂದರು. ಲೀ ಎರಡು ವರ್ಷಕ್ಕೂ ಹೆಚ್ಚು ಕಾಲ ಮತ್ತೆ ಮತ್ತೆ ಬರೆದರು. ಕಥೆಯನ್ನು ಆ ಹುಡುಗಿಯ ಬಾಲ್ಯಕ್ಕೇ ಒಯ್ದರು. 1960ರಲ್ಲಿ ಪ್ರಕಟವಾದ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ಗೆ ಮರುವರ್ಷವೇ ಪುಲಿಟ್ಜರ್ ಪ್ರಶಸ್ತಿ ಬಂತು. ಸಂಪಾದಕಿ ದಾರಿ ತೋರಿಸಿದರು, ನಡೆದವರು ಲೀ.

ಅಪ್ಪ ಅಮ್ಮಂದಿರಿಗೂ ಎರಡು ಮಾತು. ಮಗು ಕಥೆ ಓದಿ ಹೇಳುವಾಗ ಕೆಂಪು ಪೆನ್ನು ಹಿಡಿಯಬೇಡಿ. ಎಲ್ಲಿ ಕಣ್ಣಿಗೆ ಕಟ್ಟಿತು, ಎಲ್ಲಿ ಗೊಂದಲವಾಯಿತು, ಮುಂದೇನಾಯಿತು ಎಂಬ ಕುತೂಹಲ ಎಲ್ಲಿ ಹುಟ್ಟಿತು, ಇಷ್ಟು ಹೇಳಿ ಸಾಕು. ಒಂದೆರಡು ವಾಕ್ಯ ನೀವೇ ಬರೆದುಕೊಟ್ಟರೆ ಕಥೆ ನೋಡಲು ಅಂದವಾದೀತು. ಆದರೆ ಅದು ತನ್ನದಲ್ಲ ಎಂಬುದು ಮಗುವಿಗೆ ಗೊತ್ತಿರುತ್ತದೆ. ಇನ್ನೊಂದು ಕಥೆ ಬರೆಯುವ ಆಸೆ ಅಲ್ಲಿಗೇ ಬತ್ತಿಹೋಗಬಹುದು.

ಮಕ್ಕಳೇ, ಈ ವಾರದ ಕೆಲಸ ಇದು. ಒಬ್ಬರು ಇನ್ನೊಬ್ಬರಿಗೆ ಹೇಳಲಾಗದ ವಿಷಯವೊಂದನ್ನು ಹೇಳಬೇಕಾಗಿ ಬಂದ ಸನ್ನಿವೇಶವನ್ನು ಹತ್ತು ಸಾಲಿನಲ್ಲಿ ಬರೆಯಿರಿ. ಮೂರು ದಿನ ಪೆಟ್ಟಿಗೆಯಲ್ಲಿಡಿ. ನಾಲ್ಕನೆಯ ದಿನ ಇಬ್ಬರ ಮುಂದೆ ಗಟ್ಟಿಯಾಗಿ ಓದಿ, ಅವರ ಪ್ರಶ್ನೆಗಳನ್ನು ಗುರುತು ಹಾಕಿಕೊಳ್ಳಿ. ಆಮೇಲೆ ಹೊಸ ಹಾಳೆಯಲ್ಲಿ ಮತ್ತೆ ಬರೆಯಿರಿ. ಹಳೆಯ ಹಾಳೆಯನ್ನು ಹರಿದೆಸೆಯಬೇಡಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನೀವು ಎಷ್ಟು ದೂರ ಬಂದಿದ್ದೀರಿ ಎಂಬುದು ನಿಮಗೇ ಕಾಣುತ್ತದೆ.