ಇಮ್ಯುನಿಟಿ ಹೆಚ್ಚಿದರೆ ಸೀನು ನಿಲ್ಲುತ್ತದೆಯೆ?

ಮಗು ಬೆಳಗಾದರೆ ಸೀನುತ್ತದೆ ಎಂದರೆ ಜಯನಗರದ ಅಜ್ಜಿಯಿಂದ ಬಿಟಿಎಂ ಲೇಔಟಿನ ಟೆಕಿಯವರೆಗೆ ಎಲ್ಲರದೂ ಒಂದೇ ತೀರ್ಪು: 'ಇಮ್ಯುನಿಟಿ ಕಡಿಮೆ.' ಈ ನಂಬಿಕೆ ಬೂಸ್ಟರ್ ಪುಡಿಗಳಿಗೆ ಒಳ್ಳೆಯ ಮಾರುಕಟ್ಟೆ ಒದಗಿಸಿದೆ. ಆದರೆ ಅಲರ್ಜಿ ನಿಶ್ಶಕ್ತಿಯ ರೋಗವಲ್ಲ, ಗುರಿ ತಪ್ಪಿದ ಶಕ್ತಿಯ ರೋಗ.

ಬನಶಂಕರಿ, ಜೆ.ಪಿ. ನಗರದ ಖಾಲಿ ಸೈಟುಗಳಲ್ಲಿ ಮಳೆ ಬಿದ್ದೊಡನೆ ಏಳುವ ಕಾಂಗ್ರೆಸ್ ಗಿಡವನ್ನೇ ನೋಡಿ. ಅದರ ಪರಾಗ ರೋಗಾಣುವೇನಲ್ಲ. ಆದರೂ ಕೆಲವರಲ್ಲಿ ಟಿಎಚ್-2 ಎಂಬ ರಕ್ಷಣಾ ಕೋಶಗಳು ಅದನ್ನು ಕಂಡು ಇಂಟರ್‌ಲ್ಯೂಕಿನ್-4 ಮತ್ತು 13 ಎಂಬ ಸಂಕೇತಗಳನ್ನು ಹೊರಬಿಡುತ್ತವೆ. ಆ ಸಂಕೇತ ಸಿಕ್ಕ ಬಿ ಕೋಶಗಳು ಐಜಿಇ ಪ್ರತಿಕಾಯ ತಯಾರಿಸುತ್ತವೆ. ಅದು ಮೂಗಿನ ಒಳಪದರದ ಮಾಸ್ಟ್ ಕೋಶಗಳಿಗೆ ಅಂಟಿಕೊಂಡು ಕಾಯುತ್ತದೆ. ಮತ್ತೆ ಪರಾಗ ತಾಗಿದರೆ ನಿಮಿಷಗಳಲ್ಲೇ ಹಿಸ್ಟಮಿನ್ ಬಿಡುಗಡೆ: ಸೀನು, ತುರಿಕೆ, ಸುರಿಯುವ ಮೂಗು. ಕೆಲವು ಗಂಟೆಗಳ ಮೇಲೆ ಇಂಟರ್‌ಲ್ಯೂಕಿನ್-5ರ ಬಲದಿಂದ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಜಮಾಯಿಸಿ ಉರಿಯೂತ ಬೇರೂರುತ್ತದೆ. ಸಿಟಿರಿಜಿನ್ ಮಾತ್ರೆ ತಡೆಯುವುದು ಹಿಸ್ಟಮಿನ್ನನ್ನು ಮಾತ್ರ. ಸೀನು ನಿಂತರೂ ಮೂಗು ಕಟ್ಟಿಯೇ ಇರುವುದಕ್ಕೆ, ವೈದ್ಯರು ಸ್ಟೆರಾಯ್ಡ್ ಸ್ಪ್ರೇ ಬರೆಯುವುದಕ್ಕೆ ಕಾರಣ ಇದೇ.

ಅದೇ ಗಿಡವನ್ನು ಪದೇ ಪದೇ ಬರಿಗೈಯಲ್ಲಿ ಕೀಳುವವರ ಚರ್ಮ ಕೆಂಪೇರಿ ಒಡೆಯುವುದುಂಟು. ಅಲ್ಲಿ ಐಜಿಇ ಪಾತ್ರ ಮುಖ್ಯವಲ್ಲ. ಗಿಡದಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕದ ಮೇಲೆ ಟಿ ಕೋಶಗಳೇ ನೇರವಾಗಿ ಎರಗುತ್ತವೆ. ಗಿಡ ಒಂದೇ, ದಾರಿ ಎರಡು. ಎರಡರಲ್ಲೂ ಕೊರತೆಯಾಗಿರುವುದು ಬಲವಲ್ಲ, ಸಂಯಮ.

ಅಲರ್ಜಿಯವರಿಗೆ ಸೈನಸ್ ಸೋಂಕು ಪದೇ ಪದೇ ಬರುವುದಿಲ್ಲವೆ ಎನ್ನಬಹುದು. ಬರುತ್ತದೆ, ಊದಿದ ಮೂಗಿನಲ್ಲಿ ಕಫ ಹರಿಯದೆ ನಿಲ್ಲುವುದೇ ಅದಕ್ಕೆ ಬಹುಮಟ್ಟಿಗೆ ಕಾರಣ. ಇನ್ನು ವಂಶವಾಹಿಯನ್ನಷ್ಟೇ ದೂರಿಯೂ ಫಲವಿಲ್ಲ. ಮಕ್ಕಳ ಶ್ವಾಸರೋಗ ತಜ್ಞ ಡಾ. ಎಚ್. ಪರಮೇಶ್ ಅವರ ಅಧ್ಯಯನಗಳ ಪ್ರಕಾರ ಬೆಂಗಳೂರಿನಲ್ಲಿ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ, ಅಲರ್ಜಿಯ ನಂಟಿರುವ ಆಸ್ತಮಾ 1979ರಲ್ಲಿ ಶೇ. 9 ಇದ್ದದ್ದು 1999ಕ್ಕೆ ಶೇ. 29.5 ಆಗಿತ್ತು. ಇಪ್ಪತ್ತು ವರ್ಷದಲ್ಲಿ ವಂಶವಾಹಿ ಬದಲಾಗದು, ಊರು ಬದಲಾಗುತ್ತದೆ. ಹೊಗೆ, ದೂಳಿನಿಂದ ಗಾಸಿಗೊಂಡ ಶ್ವಾಸನಾಳದ ಪದರ ಟಿಎಸ್‌ಎಲ್‌ಪಿಯಂಥ ಅಪಾಯಸಂಕೇತ ಹೊರಡಿಸಿ ಅಲರ್ಜಿಯ ಸರಪಳಿಗೆ ಇನ್ನಷ್ಟು ಇಂಬು ಕೊಡುತ್ತದೆ.

ಹಾಗಾದರೆ ಸಂಯಮ ಎಲ್ಲಿಂದ? ದೇಹದಲ್ಲೇ ನಿಯಂತ್ರಕ ಟಿ ಕೋಶಗಳಿವೆ. 2025ರ ವೈದ್ಯಕೀಯ ನೊಬೆಲ್ ಸಂದದ್ದು ಅವುಗಳ ಕುರಿತ ಸಂಶೋಧನೆಗೇ. ಅಲರ್ಜಿಕಾರಕವನ್ನೇ ವರ್ಷಗಟ್ಟಲೆ ಅಳೆದು ಕೊಡುವ ಇಮ್ಯುನೊಥೆರಪಿ ಆ ಕೋಶಗಳನ್ನು ಬೆಳೆಸುತ್ತದೆ. ಆದ್ದರಿಂದ ವೈದ್ಯರಲ್ಲಿ ಕೇಳಬೇಕಾದದ್ದು ಇಮ್ಯುನಿಟಿ ಎಷ್ಟಿದೆ ಎಂದಲ್ಲ, ಅದು ಯಾವುದರ ಮೇಲೆ ಹರಿಹಾಯುತ್ತಿದೆ ಎಂದು. ಪಾಲಿಕೆಯಲ್ಲಿ ಕೇಳಬೇಕಾದದ್ದು, ಕಾಂಗ್ರೆಸ್ ಗಿಡ ಹೂಬಿಡುವ ಮುಂಚೆ ಖಾಲಿ ಸೈಟು ಶುಚಿಮಾಡಿಸುವ ಹೊಣೆ ಯಾರದು ಎಂದು.