ಹಂಚಿಕೊಳ್ಳಿ ಎಂಬ ಹಂಗು

ಈಚೆಗೆ ನನ್ನ ಫೋನಿಗೆ ಬರುವ ಸಂದೇಶಗಳಲ್ಲಿ ಅರ್ಧದಷ್ಟು ಒಂದೇ ಬಗೆಯವು: "ಸರ್, ನಮ್ಮ ಹೊಸ ವೆಬ್‌ಸೈಟ್ ನೋಡಿ, ದಯವಿಟ್ಟು ಶೇರ್ ಮಾಡಿ." ಕಳುಹಿಸುವವರು ನನ್ನ ಶಿಷ್ಯರು, ಇಲ್ಲವೆ ಬಂಧುಗಳ ಮಕ್ಕಳು. ಒಬ್ಬ ಗಾಣದ ಎಣ್ಣೆ ತೆಗೆಯುತ್ತಾನೆ, ಒಬ್ಬಳು ಸೀರೆಗಳಿಗೆ ಕುಚ್ಚು ಕಟ್ಟಿ ಕೊಡುತ್ತಾಳೆ, ಮತ್ತೊಬ್ಬ ಮಲೆನಾಡಿನಲ್ಲಿ ಹೋಂಸ್ಟೇ ತೆರೆದಿದ್ದಾನೆ. ಸ್ವಂತ ದುಡಿಮೆಗೆ ಇಳಿದವರ ವಿಷಯದಲ್ಲಿ ನನಗೆ ಇರುವುದು ಹೆಮ್ಮೆಯೇ. ನನ್ನ ತಕರಾರು ಅವರ ಜಾಲತಾಣಗಳ ಅಂಚಿನಲ್ಲಿ ಬಣ್ಣಬಣ್ಣವಾಗಿ ಸಾಲುಗಟ್ಟಿ ನಿಂತ ಲೈಕ್ ಮತ್ತು ಶೇರ್ ಗುಂಡಿಗಳ ಬಗೆಗೆ. ಅವನ್ನು ಕಿತ್ತುಹಾಕಿರೆಂದು ಹೇಳುವುದಕ್ಕಾಗಿಯೇ ಈ ಬರಹ.

ಈ ಗುಂಡಿಗಳು ವ್ಯಾಪಾರವನ್ನು ಬೆಳೆಸುತ್ತವೆಂಬುದು ಮೊದಲ ಭ್ರಮೆ. ಬ್ರಿಟನ್ನಿನ ಸರ್ಕಾರ ತನ್ನ ಗವ್.ಯುಕೆ ತಾಣದ ಪುಟಗಳಲ್ಲಿ ಇಂತಹ ಗುಂಡಿಗಳನ್ನಿಟ್ಟು, ಹತ್ತು ವಾರಗಳ ಲೆಕ್ಕವನ್ನು 2014ರಲ್ಲಿ ಬಹಿರಂಗಪಡಿಸಿತು. ಪುಟಗಳು ಸಾವಿರ ಸಲ ತೆರೆದುಕೊಂಡರೆ ಗುಂಡಿ ಒತ್ತಿದ್ದು ಸುಮಾರು ಎರಡು ಸಲ. ಸರ್ಕಾರದ ಪುಟಕ್ಕೂ ಎಣ್ಣೆಯ ಅಂಗಡಿಗೂ ಎಲ್ಲಿಯ ಹೋಲಿಕೆ ಎನ್ನುವಿರಿ. ಒಪ್ಪಿದೆ. ಹಾಗಾದರೆ ನಿಮ್ಮ ತಾಣದ ಲೆಕ್ಕವನ್ನಾದರೂ ತೆಗೆದು ನೋಡಿದ್ದೀರಾ? ನಾನು ವಿಚಾರಿಸಿದವರಲ್ಲಿ ಒಬ್ಬರೂ ನೋಡಿರಲಿಲ್ಲ. ತಾಣ ಕಟ್ಟಿಕೊಟ್ಟವರು ಹಾಕಿದರು, ಇವರು ಬಿಟ್ಟರು, ಅಷ್ಟೆ. ಒಂದು ತಾಣದಲ್ಲಂತೂ ಗೂಗಲ್ ಪ್ಲಸ್ಸಿನ ಗುಂಡಿ ಇನ್ನೂ ಕೆಂಪಗೆ ಹೊಳೆಯುತ್ತಿದೆ. ಜನಸಾಮಾನ್ಯರ ಪಾಲಿಗೆ ಆ ಸೇವೆ ಮುಚ್ಚಿಹೋದದ್ದು 2019ರ ಏಪ್ರಿಲ್‌ನಲ್ಲಿ!

ಗುಂಡಿ ನಿಷ್ಪ್ರಯೋಜಕವೆಂಬುದಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಅದರ ಕೆಲಸವೇ ಬೇರೆ. ಫೇಸ್‌ಬುಕ್ ತನ್ನ ಲೈಕ್ ಗುಂಡಿಯನ್ನು ಹೊರಗಿನ ಜಾಲತಾಣಗಳಿಗೆ ಹಂಚಲು ತೊಡಗಿದ್ದು 2010ರ ಏಪ್ರಿಲ್‌ನಲ್ಲಿ. ಇಂತಹ ಗುಂಡಿ ಬರಿಯ ಚಿತ್ರವಲ್ಲ. ಗಿರಾಕಿ ನಿಮ್ಮ ಪುಟವನ್ನು ತೆರೆದೊಡನೆ ಅವನ ಕಂಪ್ಯೂಟರು ಆ ಗುಂಡಿಯನ್ನು ತರಲು ನೇರವಾಗಿ ಫೇಸ್‌ಬುಕ್ಕಿನ ಬಾಗಿಲಿಗೆ ಹೋಗುತ್ತದೆ. ಹೋದಾಗ ತನ್ನ ವಿಳಾಸವನ್ನೂ, ನೋಡುತ್ತಿರುವ ಪುಟ ಯಾವುದೆಂಬುದನ್ನೂ ಅಲ್ಲಿ ಒಪ್ಪಿಸುತ್ತದೆ. ಗುಂಡಿಯನ್ನು ಮುಟ್ಟಬೇಕೆಂದಿಲ್ಲ, ಫೇಸ್‌ಬುಕ್ಕಿನಲ್ಲಿ ಖಾತೆ ಇರಬೇಕೆಂದೂ ಇಲ್ಲ. ಅಂಗಡಿಯ ಹೊಸ್ತಿಲಲ್ಲಿ ಪರಸ್ಥಳದವನೊಬ್ಬನನ್ನು ಕೂರಿಸಿ, ಯಾರು ಬಂದರು, ಯಾವ ಸೀರೆ ಮುಟ್ಟಿ ನೋಡಿದರು ಎಂದು ಬರೆದುಕೊಳ್ಳಲು ಬಿಟ್ಟಂತೆ ಇದು. ಆ ಬರವಣಿಗೆಯ ಫಲ ಅವನ ಜಾಹೀರಾತಿನ ವ್ಯವಹಾರಕ್ಕೆ. ನಾಳೆ ನಿಮ್ಮ ಗಿರಾಕಿಯ ಕಣ್ಣಿಗೆ ನಿಮ್ಮ ಎದುರಾಳಿಯ ಸೀರೆ ಬೀಳಲೂಬಹುದು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ.

ಇದು ನನ್ನ ಕಲ್ಪನೆಯೆಂದು ತಿಳಿಯಬೇಡಿ. ಜರ್ಮನಿಯ ಫ್ಯಾಷನ್ ಐಡಿ ಎಂಬ ಉಡುಪಿನ ಅಂಗಡಿ ತನ್ನ ತಾಣದಲ್ಲಿ ಈ ಲೈಕ್ ಗುಂಡಿಯನ್ನಿಟ್ಟಿತ್ತು. ಗ್ರಾಹಕರ ಸಂಘವೊಂದು ನ್ಯಾಯಾಲಯಕ್ಕೆ ಹೋಯಿತು. ವ್ಯಾಜ್ಯ ಐರೋಪ್ಯ ಒಕ್ಕೂಟದ ನ್ಯಾಯಾಲಯದವರೆಗೆ ಏರಿ, 2019ರ ಜುಲೈ 29ರಂದು ತೀರ್ಪು ಬಂತು: ಮಾಹಿತಿಯನ್ನು ಸಂಗ್ರಹಿಸಿ ಸಾಗಿಸುವಷ್ಟರ ಮಟ್ಟಿಗೆ ಫೇಸ್‌ಬುಕ್ಕಿನ ಜೊತೆಗೆ ಅಂಗಡಿಯೂ ಹೊಣೆ. "ನಾವು ಬರೀ ಗುಂಡಿ ಇಟ್ಟೆವು" ಎಂಬ ಸಬೂಬು ನಡೆಯಲಿಲ್ಲ. ಖಾಸಗಿತನ ನಮ್ಮ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ಹೇಳಿದ್ದನ್ನು ನೀವು ಬಲ್ಲಿರಿ. ಆ ಮೊಕದ್ದಮೆಯನ್ನು ಹೂಡಿದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು; ಮುಪ್ಪಿನ ವಯಸ್ಸಿನಲ್ಲಿ ದೆಹಲಿಯ ಮೆಟ್ಟಿಲೇರಿ ಗಳಿಸಿಕೊಟ್ಟ ಹಕ್ಕು ಅದು. ಅದನ್ನು ನಾವು ಒಂದು ನೀಲಿ ಗುಂಡಿಗೆ ಬಿಟ್ಟುಕೊಡುವುದೆ? ಕೊನೆಗೆ ಹೊರಗಿನ ತಾಣಗಳಿಗಾಗಿ ಇದ್ದ ಈ ಲೈಕ್ ಗುಂಡಿಯನ್ನು 2026ರ ಫೆಬ್ರುವರಿಯಲ್ಲಿ ಹಿಂತೆಗೆದುಕೊಳ್ಳುವುದಾಗಿ ಅದರ ಒಡೆಯರೇ 2025ರ ನವೆಂಬರ್‌ನಲ್ಲಿ ಸಾರಿದರು. ಹೆತ್ತವರಿಗೇ ಬೇಡವಾದ ಕೂಸನ್ನು ಎತ್ತಿಕೊಂಡು ತಿರುಗುವ ಕರ್ಮ ನಮಗೇಕೆ?

ಒಂದು ಮಾತು ಸ್ಪಷ್ಟವಾಗಲಿ. ಒತ್ತಿದಾಗ ಮಾತ್ರ ಕೆಲಸ ಮಾಡುವ ಸರಳ ಕೊಂಡಿ ಚಿತ್ರದ ಹಿಂದೆ ಇದ್ದರೆ ಈ ದೋಷ ತಟ್ಟದು. ಹೊರಗಿನಿಂದ ತಂದು ನೆಟ್ಟ ಗುಂಡಿಯ ಬಗ್ಗೆಯಷ್ಟೇ ಇಲ್ಲಿಯವರೆಗೆ ಹೇಳಿದ್ದು. ಮುಂದಿನ ಮಾತು ಎರಡಕ್ಕೂ ಅನ್ವಯಿಸುತ್ತದೆ.

ಹಂಚಿಕೊಳ್ಳುವುದು ಎಂಬ ಕ್ರಿಯಾಪದದ ಅರ್ಥವನ್ನು ಒಮ್ಮೆ ನೆನೆಯಿರಿ. ಒಂದು ಹೋಳಿಗೆಯನ್ನು ಇಬ್ಬರು ಹಂಚಿಕೊಂಡರೆ ಕೊಟ್ಟವನ ಪಾಲು ಕಡಿಮೆಯಾಗುತ್ತದೆ. ಆದ್ದರಿಂದಲೇ ಆ ಕೊಡುವಿಕೆಗೆ ಬೆಲೆ. ಒಂದು ಸರಕು ಒಳ್ಳೆಯದೆಂದು ಮತ್ತೊಬ್ಬರಿಗೆ ಹೇಳುವಾಗಲೂ ಏನನ್ನೋ ಒತ್ತೆ ಇಡುತ್ತೇವೆ, ನಮ್ಮ ಮಾತಿನ ಮೇಲೆ ಅವರಿಟ್ಟ ನಂಬಿಕೆಯನ್ನು. ನಾನು ತಿನ್ನದ ಎಣ್ಣೆಯನ್ನು, ಉಳಿಯದ ಮನೆಯನ್ನು, ಶಿಷ್ಯನೆಂಬ ದಾಕ್ಷಿಣ್ಯಕ್ಕೆ ಇನ್ನೂರು ಜನರಿಗೆ ತೂರಿಬಿಟ್ಟರೆ ಅದು ಶಿಫಾರಸೂ ಅಲ್ಲ, ಸಾಕ್ಷಿಯೂ ಅಲ್ಲ. ಪಡೆದವರೂ ನನ್ನ ದಾಕ್ಷಿಣ್ಯಕ್ಕೆ ಒಂದು ಹೆಬ್ಬೆಟ್ಟು ಎತ್ತಿ ತೋರಿಸುತ್ತಾರೆ. ಎಣ್ಣೆಯನ್ನು ಎಂದಿನ ಅಂಗಡಿಯಿಂದಲೇ ತರುತ್ತಾರೆ. ಹೀಗೆ ನಾಲ್ಕು ಸಲವಾದ ಮೇಲೆ, ನಿಜವಾಗಿಯೂ ಒಳ್ಳೆಯದೊಂದನ್ನು ನಾನು ಕಳುಹಿಸಿದಾಗ ತೆರೆದು ನೋಡುವವರು ಯಾರು?

"ಜಾಹೀರಾತಿಗೆ ನಮ್ಮಲ್ಲಿ ದುಡ್ಡಿಲ್ಲ, ಬಾಯಿಮಾತೇ ಗತಿ" ಎನ್ನುತ್ತಾರೆ. ನಿಜ. ಆದರೆ ಬಾಯಿಮಾತು ಗುಂಡಿಯಿಂದ ಹುಟ್ಟುವುದಿಲ್ಲ. ಮದುವೆ ಮನೆಯಲ್ಲಿ ಸೀರೆಯ ಕುಚ್ಚನ್ನು ಕೈಗೆತ್ತಿಕೊಂಡು "ಎಲ್ಲಿ ಕಟ್ಟಿಸಿದಿರಿ?" ಎಂದು ಕೇಳುವವರಿಂದ ಹುಟ್ಟುತ್ತದೆ. ಆಗ ಆ ಹೆಂಗಸಿಗೆ ಬೇಕಾದುದು ಒಂದು ಫೋನ್ ನಂಬರು, ಒಂದು ಬೆಲೆ. ನಾನು ನೋಡಿದ ಐದಾರು ತಾಣಗಳಲ್ಲಿ ಬೆಲೆ ಕಂಡದ್ದು ಎರಡರಲ್ಲಿ. ಕನ್ನಡದಲ್ಲಿ ವಿವರವಿದ್ದದ್ದು ಒಂದರಲ್ಲಿ, ಅದೂ ಯಂತ್ರಾನುವಾದ. ಓದಿದರೆ ಹೊಟ್ಟೆ ತೊಳಸುತ್ತದೆ.

ಗುಂಡಿಗಳು ಹೋದರೆ ತೆರವಾಗುವ ಜಾಗದಲ್ಲಿ ಬರೆಯಲು ಬೇಕಾದಷ್ಟಿದೆ. ಎಣ್ಣೆ ತೆಗೆದ ದಿನ ಯಾವುದು, ಕಾಯಿ ಎಲ್ಲಿಯದು, ಲೀಟರಿಗೆ ಎಷ್ಟು. ಕುಚ್ಚು ಕಟ್ಟಲು ಎಷ್ಟು ದಿನ ಬೇಕು. ಹೋಂಸ್ಟೇಯ ಪುಟದಲ್ಲಿ ಮಂಜಿನ ಚಿತ್ರಗಳು ಹದಿನೆಂಟಿವೆ. ಊರಿಗೆ ಕಡೆಯ ಬಸ್ಸು ಎಷ್ಟು ಹೊತ್ತಿಗೆ, ಮಂಡಿನೋವಿನವರು ಹತ್ತಬೇಕಾದ ಮೆಟ್ಟಿಲು ಎಷ್ಟು ಎಂಬುದು ಎಲ್ಲಿಯೂ ಇಲ್ಲ. ಅವೆರಡನ್ನು ಬರೆದಿದ್ದರೆ, ಯಾರೂ ಕೇಳದೆಯೇ ಆ ವಿಳಾಸವನ್ನು ನಾನು ನನ್ನ ಅಕ್ಕನಿಗೆ ಕಳುಹಿಸುತ್ತಿದ್ದೆ.